ನಲವತ್ತೆರಡು ಅಂಕದ ಮನುಷ್ಯ

“ದೊಡ್ಡಕ್ಕ, ಈಗ ಎಡಕ್ಕೆ ಹೊರಳಿಸ್ತೀವಿ, ಹೆದರ್ಬೇಡಿ,” ಎಂದು ಹೇಳಿ, ಎಲ್ಲರೂ ಪಟಾಕಿ ಎಂದೇ ಕರೆಯುವ ಹೆಂಗಸು ಸತ್ತವಳ ಭುಜದ ಕೆಳಗೆ ಕೈ ಹಾಕಿದಳು. ಹೇಳಿದ ಮೇಲೆ ತನಗೇ ಒಂಥರಾ ಆಯಿತು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವವರಿಗೆ ಮೊದಲ ದಿನವೇ ಕಲಿಸುವ ಪಾಠ ಅದು. ಮೈ ಮುಟ್ಟುವ ಮುಂಚೆ ಹೇಳಬೇಕು. ಪಟಾಕಿಗೆ ಆ ಪಾಠ ಹೇಳಿಕೊಟ್ಟವಳೇ ಈಗ ಮಂಚದ ಮೇಲಿದ್ದಳು.

ಇಪ್ಪತ್ತಾರು ವರ್ಷ ಊರಿನ ಅರ್ಧ ಮುದುಕರ ಬೆನ್ನು ತೊಳೆದ ಹೆಂಗಸು ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಚ್ಚಲು ಬಾಗಿದವಳು ಮತ್ತೆ ಏಳಲಿಲ್ಲ. ಒಂದು ದಿನವೂ ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಈ ಕೆಲಸದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ದೊಡ್ಡಕ್ಕನ ಮಗಳು ಬಟ್ಟೆ ಹಿಂಡಿ ಕೊಡುತ್ತಿದ್ದಳು. ಅವಳದೂ ಅಮ್ಮನದೇ ಸರ್ಕಾರಿ ಆರೈಕೆ ಕಚೇರಿ, ಆದರೆ ಕುರ್ಚಿ ಕೆಲಸ. ಯಾವ ಮನೆಗೆ ಯಾರು ಹೋಗಬೇಕು, ಎಷ್ಟು ನಿಮಿಷ ಇರಬೇಕು ಎಂಬ ಪಟ್ಟಿ ಅವಳ ಕೈಯಲ್ಲಿತ್ತು. ಅಮ್ಮ ಮೈ ಒರೆಸೋಕೆ, ಮಗಳು ಹೆಸರು ಒರೆಸೋಕೆ ಎಂದು ಪಟಾಕಿ ಎಷ್ಟೋ ಸಲ ಎದುರಿಗೇ ಆಡಿಕೊಂಡಿದ್ದಳು. ಸುಮ್ಮನೆ ಅವಳಿಗೆ ಪಟಾಕಿ ಎಂಬ ಹೆಸರು ಬಂದಿರಲಿಲ್ಲ.

“ಅದಿರ್ಲಿ, ಲೈನ್‌ಮ್ಯಾನ್ ತಾತನ ಹತ್ರ ಯಾರನ್ನ ಕಳಿಸಿದೆ?” ಎಂದಳು ಪಟಾಕಿ, ಬೆನ್ನು ಒರೆಸುತ್ತ.

“ಯಾವ ಲೈನ್‌ಮ್ಯಾನ್?”

“ನೀರಿನ ಟ್ಯಾಂಕ್ ಹಿಂದೆ, ಮೂರನೇ ಮಹಡಿ. ದೊಡ್ಡಕ್ಕ ಬೆಳಿಗ್ಗೆ ಸಂಜೆ ಹೋಗ್ತಿದ್ರಲ್ಲ.”

“ಅವರ ಹೆಸರು ತೆಗೆದು ಎರಡು ವರ್ಷ ಆಯ್ತು.”

“ತೆಗೆದಿದ್ದು ನೀವು. ಅವರು ಹೋಗೋದು ಬಿಟ್ಟಿರ್ಲಿಲ್ಲ.” ಪಟಾಕಿ ಕೈ ನಿಲ್ಲಿಸಿ ಅವಳ ಮುಖ ನೋಡಿದಳು. “ನಿಂಗೆ ಗೊತ್ತಿರ್ಲಿಲ್ವಾ? ಒಂದೇ ಮನೇಲಿದ್ದೀರಿ, ನೀನೇ ಯಾರನ್ನಾದ್ರೂ ಕಳಿಸಿರ್ತೀಯ ಅಂತ ನಾನಿದ್ದೆ.”

“ಅವರಿಗೆ ಮನೇಲಿ ಯಾರೂ ಇಲ್ವಾ?”

“ಯಾರಿದ್ದಾರೆ? ಹೆಂಡತಿ ಹೋಗಿ ಹತ್ತು ವರ್ಷ. ಮಕ್ಕಳಿಲ್ಲ. ಆ ಮನುಷ್ಯನಿಗೆ ಒಂದು ಲೋಟ ಎತ್ತಿ ಬಾಯಿಗಿಟ್ಟುಕೊಳ್ಳೋಕಾಗಲ್ಲ ಕಣೇ.”

ಮಗಳು ಲೆಕ್ಕ ಹಾಕಿದಳು. ನಿನ್ನೆ ಇಡೀ ದಿನ, ಎರಡು ರಾತ್ರಿ. ಗಡಿಯಾರದಲ್ಲಿ ಹತ್ತಾಗುತ್ತ ಬಂದಿತ್ತು.

* * *

ಎರಡು ವರ್ಷದ ಹಿಂದೆ, ಯಾರಿಗೆ ಸಹಾಯ ಬೇಕು ಯಾರಿಗೆ ಬೇಡ ಎಂದು ಮತ್ತೆ ಅಳೆದು ನೋಡಲು ಸರ್ಕಾರ ಹೊರಟಿತ್ತು. ಮುದುಕರು ಹೆಚ್ಚಾದರು, ಕೈಗಳು ಸಾಲುತ್ತಿಲ್ಲ ಎಂಬುದು ಕಾರಣ. ಏಳುವುದು, ಕೂರುವುದು, ಉಣ್ಣುವುದು, ತೊಳೆದುಕೊಳ್ಳುವುದು, ಒಂದೊಂದಕ್ಕೂ ಅಂಕ. ನಲವತ್ತು ದಾಟಿದವರು ತಮ್ಮನ್ನು ತಾವೇ ನೋಡಿಕೊಳ್ಳಬಲ್ಲರು ಎಂದು ಲೆಕ್ಕ.

ಅಳೆಯುವವರು ಬರುವ ದಿನ ದೊಡ್ಡಕ್ಕ ಬೆಳಿಗ್ಗೆ ಆರಕ್ಕೇ ಲೈನ್‌ಮ್ಯಾನ್ ಮನೆಗೆ ಹೋದಳು. ಮನೆಗೆ ಹೊರಗಿನವರು ಬರುತ್ತಾರೆ ಎಂದರೆ ತಾನು ನೋಡಿಕೊಳ್ಳುವ ಮನುಷ್ಯ ಮನುಷ್ಯನ ಹಾಗೆ ಕಾಣಬೇಕು, ಅವಳ ಹಟ ಅದು. ಸ್ನಾನ ಮಾಡಿಸಿದಳು. ಗಡ್ಡ ಹೆರೆದಳು. ಇಸ್ತ್ರಿ ಮಾಡಿದ ಶರ್ಟು ತೊಡಿಸಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಎರಡೂ ಕಡೆ ದಿಂಬು ಒತ್ತಿದಳು. ಆದರೂ ಮೈ ಜಾರುತ್ತಿತ್ತು. ಒಂದು ಟವೆಲ್ ತೆಗೆದುಕೊಂಡು ಶರ್ಟಿನ ಒಳಗಿಂದ ಎದೆಗೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿದಳು. ಗಂಟು ಕಾಣದ ಹಾಗೆ ಶರ್ಟು ಎಳೆದಳು.

“ಮದುಮಗನ ಹಾಗೆ ಕಾಣ್ತಿದ್ದೀರಿ,” ಎಂದಳು.

“ಗಂಡು ನೋಡೋಕೆ ಬರ್ತಿರೋದು ಯಾರು?” ಎಂದ ಲೈನ್‌ಮ್ಯಾನ್.

ಬಂದವನು ಫೈಲು ಹಿಡಿದ ಗಂಡಸು. ಹತ್ತು ನಿಮಿಷವೂ ಇರಲಿಲ್ಲ. ನೀವಾಗೇ ಕೂರ್ತೀರಾ ಎಂದು ಕೇಳಿದ. ಕಾಣ್ತಿಲ್ವಾ ಎಂದ ಲೈನ್‌ಮ್ಯಾನ್. ಊಟ ನೀವೇ ಮಾಡ್ತೀರಾ ಎಂದು ಕೇಳಿದ. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿದ ಕೈ ಇದು, ಒಂದು ತುತ್ತು ಎತ್ತಲ್ವಾ ಎಂದ. ದೊಡ್ಡಕ್ಕ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು. ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಶರ್ಟು ಎತ್ತಿ ಟವೆಲ್ ತೋರಿಸಬಹುದಿತ್ತು. ಅಪರಿಚಿತನ ಎದುರು ಆ ಮನುಷ್ಯನ ಮಾನ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ. ಅಷ್ಟೇ ಅವಳು ಮಾಡಿದ ತಪ್ಪು.

ನಲವತ್ತೆರಡು ಅಂಕ ಬಂತು. ಮಗಳು ಕಚೇರಿಯಲ್ಲಿ ಕೂತು ಪಟ್ಟಿಯಿಂದ ಹೆಸರು ತೆಗೆದಳು. ಆ ದಿನ ಅವಳು ತೆಗೆದದ್ದು ಇನ್ನೂರ ಹದಿನೆಂಟು ಹೆಸರು.

ಊಟಕ್ಕೆ ಕೂತಾಗ ಅಮ್ಮ ಕೇಳಿದ್ದಳು, “ಒಂದು ಹೆಸರು ವಾಪಸ್ ಸೇರಿಸೋಕಾಗಲ್ವೇನೇ?”

“ಎಲ್ಲರಿಗೂ ಒಂದೇ ನಿಯಮ ಅಮ್ಮ. ನಿನಗೆ ಬೇಕಾದವರು ಅಂತ ಸೇರಿಸಿದ್ರೆ ನಾನು ಮನೇಲಿ ಕೂರಬೇಕಾಗುತ್ತೆ.”

ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ಮಾರನೆಯ ದಿನದಿಂದ ಒಂದು ಗಂಟೆ ಮುಂಚೆ ಹೊರಡತೊಡಗಿದಳು, ಒಂದು ಗಂಟೆ ತಡವಾಗಿ ಬರತೊಡಗಿದಳು. ಡಾಕ್ಟ್ರು ನಡೀಬೇಕು ಅಂದಿದ್ದಾರೆ ಎಂದಳು. ಮಗಳು ನಂಬಿದಳು. ನಂಬುವುದು ಸುಲಭವಾಗಿತ್ತು.

* * *

ಮಗಳು ಕಚೇರಿಗೆ ಫೋನ್ ಮಾಡಿದಳು. ಪಕ್ಕದ ಕುರ್ಚಿಯವಳೇ ಎತ್ತಿಕೊಂಡು, ಮೊದಲು ಸಮಾಧಾನ ಹೇಳಿ, ಆಮೇಲೆ ಹುಡುಕಿ ನೋಡಿದಳು. “ಇಲ್ಲ ಕಣೇ, ಆ ಹೆಸರಿಗೆ ಯಾರನ್ನೂ ಕಳಿಸೋಕಾಗಲ್ಲ. ಹೊಸ ಅರ್ಜಿ ಹಾಕ್ಬೇಕು. ಅಳೆಯೋರು ಬರೋಕೆ ಆರು ವಾರ. ನಿಂಗೆ ಗೊತ್ತಲ್ಲ.” ಗೊತ್ತಿತ್ತು. ದಿನಕ್ಕೆ ಹತ್ತು ಸಲ ಅದೇ ಮಾತನ್ನು ಅದೇ ದನಿಯಲ್ಲಿ ಇವಳೂ ಹೇಳುತ್ತಿದ್ದಳು.

ಪಟಾಕಿ ಕೈ ತೊಳೆದು ಚೀಲ ಹೆಗಲಿಗೇರಿಸಿದಳು. “ನಾನೇ ಹೋಗ್ತಿದ್ದೆ. ಇವತ್ತು ನನ್ನ ಆರು ಮನೆ ಜೊತೆ ದೊಡ್ಡಕ್ಕನ ಐದು ಮನೆನೂ ನನ್ನ ತಲೆಗೇ ಕಟ್ಟಿದ್ದಾರೆ. ಅಲ್ಲೂ ಜನ ಒದ್ದೆ ಹಾಸಿಗೇಲಿ ಕಾಯ್ತಿದ್ದಾರೆ.” ಬಾಗಿಲವರೆಗೆ ಹೋದವಳು ತಿರುಗಿ ಬಂದು ದೊಡ್ಡಕ್ಕನ ಕಾಲು ಮುಟ್ಟಿ ಅತ್ತಳು. ಆಮೇಲೆ ಹೋದಳು.

ಮಗಳು ಅಮ್ಮನ ಕೈಚೀಲ ತಡಕಿ ಲೈನ್‌ಮ್ಯಾನ್ ಮನೆಯ ಬೀಗದ ಕೈ ಹುಡುಕಿ ತೆಗೆದಳು. ಅಂಗಳದಲ್ಲಿ ಸೋದರಮಾವ ಅಡ್ಡ ನಿಂತ. ಅಕ್ಕನ ಮೇಲೆ ಜೀವ ಇಟ್ಟುಕೊಂಡಿದ್ದ ಮನುಷ್ಯ, ನಿನ್ನೆಯಿಂದ ಎಲ್ಲ ಓಡಾಟವೂ ಅವನದೇ.

“ಹನ್ನೊಂದಕ್ಕೆ ವ್ಯಾನ್ ಬರುತ್ತೆ. ಹನ್ನೊಂದೂವರೆಗೆ ಚಿತಾಗಾರದಲ್ಲಿ ನಮ್ಮ ಸರದಿ. ನಮ್ಮ ಹಿಂದೆ ಇನ್ನೂ ನಾಲ್ಕು ಜನ ಇದ್ದಾರೆ. ಯಾರಿಗೂ ಕಾಯಲ್ಲ ಅವರು.”

“ಒಂದು ಲೋಟ ನೀರು ಕೊಟ್ಟು ಬಂದ್ಬಿಡ್ತೀನಿ ಮಾವ.”

“ಹೆತ್ತವಳು ಹೊರಡೋ ಹೊತ್ತು ಇದು. ಇರೋದು ನೀನೊಬ್ಬಳು. ಕೊನೇ ಸಲ ಮುಖ ನೋಡೋಕೆ ನೀನೇ ಇಲ್ಲ ಅಂದ್ರೆ ನಾಳೆ ನಿನ್ನ ಹೊಟ್ಟೆ ಉರಿಯಲ್ವಾ?”

“ಬರ್ತೀನಿ ಮಾವ,” ಎಂದು ಅವಳು ಓಡಿದಳು. ಬರುವುದೇ ಅವಳ ಉದ್ದೇಶವಾಗಿತ್ತು.

ಮೂರನೇ ಮಹಡಿಯಲ್ಲಿ ಬಾಗಿಲು ತೆಗೆಯುತ್ತಲೇ ವಾಸನೆ ಮುಖಕ್ಕೆ ಹೊಡೆಯಿತು. ಪಕ್ಕದ ಮನೆಗೆ ಬೀಗ. ಒಂದೇ ಕೋಣೆ. ಮಂಚದ ಮೇಲಿನ ಮನುಷ್ಯ ಕಣ್ಣು ತೆರೆದೇ ಇದ್ದ. ಚಾದರ ಒದ್ದೆಯಾಗಿ, ಅಂಚಿನಲ್ಲಿ ಒಣಗಿ, ಮತ್ತೆ ಒದ್ದೆಯಾಗಿತ್ತು. ಕೈಗೆಟುಕುವಷ್ಟು ದೂರದಲ್ಲೇ ನೀರಿನ ಲೋಟವಿತ್ತು, ತುಂಬಿಯೇ ಇತ್ತು. ಎರಡು ವರ್ಷದಿಂದ ಅವಳ ಪಾಲಿಗೆ ಈತ ಒಂದು ಅಂಕಿಯಾಗಿದ್ದ. ಹಣೆ ಮುಟ್ಟಿದರೆ ಕೆಂಡ.

ಆಂಬುಲೆನ್ಸಿಗೆ ಫೋನ್ ಮಾಡಿದಳು. ಒಂದು ಗಂಟೆಯಾದರೂ ಆಗುತ್ತದೆ, ಅಲ್ಲಿವರೆಗೆ ರೋಗಿಯನ್ನು ಬಿಟ್ಟು ಹೋಗಬೇಡಿ ಎಂದರು. ಫೋನನ್ನು ಕಿಟಕಿಯ ಮೇಲಿಟ್ಟಳು.

“ದೊಡ್ಡಕ್ಕ ಬರಲಿಲ್ವಾ?” ಎಂದ ಲೈನ್‌ಮ್ಯಾನ್.

“ಇವತ್ತು ಬರೋಕಾಗಲಿಲ್ಲ.”

ಅವನು ಅವಳ ಕತ್ತಿನಲ್ಲಿದ್ದ ಕಚೇರಿಯ ಕಾರ್ಡು ನೋಡಿದ. ಮೊನ್ನೆ ಹಾಕಿಕೊಂಡದ್ದು, ತೆಗೆಯುವುದು ಅವಳಿಗೆ ನೆನಪೇ ಇರಲಿಲ್ಲ. “ಆಫೀಸಿನವರಾ? ಅವರ ಮೇಲೆ ಏನೂ ಬರೀಬೇಡಿ ತಾಯಿ. ಒಂದು ದಿನಾನೂ ತಪ್ಪಿಸಿದವರಲ್ಲ. ಏನೋ ತೊಂದರೆ ಆಗಿರ್ಬೇಕು.”

“ಇಲ್ಲ, ಬರೆಯಲ್ಲ,” ಎಂದಳು. ಕಾರ್ಡನ್ನು ಕತ್ತಿನಿಂದ ತೆಗೆದು ಫೋನಿನ ಪಕ್ಕ ಇಟ್ಟಳು.

ನೀರು ಕುಡಿಸಬೇಕಿತ್ತು. ಲೋಟವನ್ನೇ ಬಾಯಿಗಿಟ್ಟರೆ ನೀರೆಲ್ಲ ಕತ್ತಿಗೆ ಸುರಿಯಿತು. ಪಟ್ಟಿ ಬರೆಯುವವಳಿಗೆ ಕುಡಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಒಂದು ಚಮಚ ಸಿಕ್ಕಿತು. ಮಂಚದ ಮೇಲೆ ಕೂತು, ಎಡಗೈಯಲ್ಲಿ ಅವನ ತಲೆ ಎತ್ತಿ ಎದೆಗಾನಿಸಿಕೊಂಡು, ಬಲಗೈಯಲ್ಲಿ ಚಮಚ ಹಿಡಿದಳು. ಮೊದಲ ಚಮಚ ಇಳಿಯಿತು. ಎರಡನೆಯದೂ ಇಳಿಯಿತು.

ಕಿಟಕಿಯ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಮಾವನದೇ. ಹನ್ನೊಂದು ಗಂಟೆ. ಅವಳು ಮೂರನೇ ಚಮಚವನ್ನು ಅವನ ಬಾಯಿಂದ ಹಿಂದಕ್ಕೆಳೆಯಲು ನೋಡಿದಳು. ಲೈನ್‌ಮ್ಯಾನ್ ಕಣ್ಣು ಮುಚ್ಚಿಕೊಂಡಿದ್ದ. ಹಲ್ಲಿಲ್ಲದ ಒಸಡುಗಳು ಚಮಚವನ್ನು ಕಚ್ಚಿ ಹಿಡಿದಿದ್ದವು, ಬಿಡಲಿಲ್ಲ.