ಅರವತ್ತು ವರ್ಷದ ಹೊಸ ಕಪಾಟು

ಚಂದ್ರವಳ್ಳಿ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಓಬಳೇಶ್ ಮರಗೆಲಸ ಮಾಡುತ್ತಾನೆ, ಅವನ ಹೆಂಡತಿ ದುರ್ಗಾ ಬಣ್ಣ ಹಚ್ಚುತ್ತಾಳೆ. ಹೋದ ತಿಂಗಳು ಹೊಳಲ್ಕೆರೆಯ ಶಾಲಿನಿ ಮೇಡಂ ಹೊಸ ಮನೆಯ ಅಡುಗೆಮನೆಗೆ ಒಂದು ಪಾತ್ರೆ ಕಪಾಟು ಹೇಳಿದರು. ನೀಲಿ ಬಣ್ಣ ಇರಬೇಕು, ಆದರೆ ಅರವತ್ತು ವರ್ಷ ಬಳಸಿದ ಹಾಗೆ ಕಾಣಬೇಕು ಎಂದರು.

ಓಬಳೇಶ್ ಕಪಾಟು ಮಾಡಿ ಮುಗಿಸಿದ ಮೇಲೆ ದುರ್ಗಾ ಮೊಬೈಲಿನಲ್ಲಿ ನಾಲ್ಕಾರು ವಿಡಿಯೊ ನೋಡಿದಳು. ಮೊದಲು ಕಂದು ಬಳಿದು, ಅದರ ಮೇಲೆ ನೀಲಿ ಬಳಿದು, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿದು ಎಲ್ಲ ಅಂಚುಗಳನ್ನೂ ಒಂದೇ ಸಮ ಉಜ್ಜಿದಳು. ನಡುನಡುವೆ ಚುಕ್ಕೆ ಚುಕ್ಕೆಯಾಗಿಯೂ ತೆಗೆದಳು.

ಮಧ್ಯಾಹ್ನ ಬುತ್ತಿ ತಂದ ಅತ್ತೆ ತಿಪ್ಪಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

“ಇದಕ್ಯಾಕೆ ದುರ್ಗಾ ಕಜ್ಜಿ ಆಗೈತೆ?”

ಓಬಳೇಶ್ ನಕ್ಕ. ಎರಡು ದಿನ ಉಜ್ಜಿದ್ದ ದುರ್ಗಾಳಿಗೆ ಅಳುವೇ ಬಂತು. “ಹಳೇದು ಕಾಣ್ಬೇಕಂತೆ ಅತ್ತೆ.”

“ಹಳೇದು ಹಿಂಗಿರ್ತೈತಾ? ಆ ಮ್ಯಾಲಿನ ಮೂಲೆ ಯಾರು ಮುಟ್ತಾರೆ? ಅಲ್ಲಿ ಜೇಡ ಬಲೆ ಕಟ್ತೈತೆ, ಅಷ್ಟೇ.”

ತಿಪ್ಪಕ್ಕ ತುರುವನೂರಿನಲ್ಲಿ ಇಪ್ಪತ್ತು ಜನರ ಮನೆಗೆ ಅಡುಗೆ ಮಾಡಿದವಳು. ಬುತ್ತಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಒಲೆಯ ಮುಂದಿನಿಂದ ಎದ್ದವಳಂತೆ ಬಂದಳು. ಹಿಡಿಯ ಪಕ್ಕಕ್ಕೆ ಬೆರಳೂರಿ ಬಾಗಿಲು ತೆಗೆದಳು. ಇಲ್ಲದ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಿರುಗಿ, ಸೊಂಟದಿಂದ ಬಾಗಿಲಿಗೆ ಗುದ್ದಿ ಮುಚ್ಚಿದಳು.

“ಕೈ ತುಂಬಿದ್ರೆ ಸೊಂಟಾನೇ ಕೈ. ಸವೆಯೋದು ಇಲ್ಲಿ. ಕೆಳಗೆ ಕಪಾಟಿನ ಕಾಲಿಗೆ ಪೊರಕೆ ಬಡೀತೈತೆ, ನೆಲ ಒರೆಸಿದ ನೀರು ತಾಗ್ತೈತೆ.”

ದುರ್ಗಾ ಸೀಮೆಸುಣ್ಣ ಹುಡುಕಿ ತಂದಳು. “ಅತ್ತೆ, ಇನ್ನೊಂದ್ ಸಲ ಬರ್ರಿ!” ಅತ್ತೆ ಮುಟ್ಟಿದಲ್ಲೆಲ್ಲ ಗುರುತು ಹಾಕಿದಳು. ಆಮೇಲೆ ತಾನೇ ಕಂಕುಳಲ್ಲಿ ಕೂಸು ಎತ್ತಿಕೊಂಡ ಸೊಸೆಯಾಗಿ ಬಂದಳು. ಓಬಳೇಶ್ ಸುಮ್ಮನಿರಲಾರದೆ ಹಸಿದ ಗಂಡನಾಗಿ ನುಗ್ಗಿ ಕಪಾಟಿನೊಳಗಿನ ಇಲ್ಲದ ತಟ್ಟೆಗೆ ಕೈ ಹಾಕಿದ.

“ಕೈ ತೊಳ್ಕಂಡ್ ಬಾರಲೇ!” ತಿಪ್ಪಕ್ಕ ನಿಜವಾಗಿಯೇ ಕೈಗೊಂದು ಬಿಟ್ಟಳು.

ಮೂವರೂ ಹೊಟ್ಟೆ ಹಿಡಿದು ನಕ್ಕರು. ಮುದ್ದೆ ತಣ್ಣಗಾಯಿತು.

ಮರುದಿನ ದುರ್ಗಾ ಇಡೀ ಕಪಾಟಿಗೆ ಮತ್ತೆ ಕಂದು ಬಳಿದಳು. ಹಿಂದಿನ ದಿನ ಫೋಟೊ ತೆಗೆದಿಟ್ಟ ಗುರುತುಗಳನ್ನು ನೋಡಿಕೊಂಡು ಆ ಜಾಗಗಳಿಗೆ ಮಾತ್ರ ಮೇಣದಬತ್ತಿ ತಿಕ್ಕಿ, ಮೇಲೆ ನೀಲಿ ಹಚ್ಚಿದಳು. ಒಣಗಿದ ಮೇಲೆ ಹಗುರವಾಗಿ ಉಜ್ಜಿದ್ದೇ ತಡ, ಮೇಣವಿದ್ದ ಕಡೆ ನೀಲಿ ತಾನಾಗಿ ಎದ್ದುಬಂದು ಕೆಳಗಿನ ಕಂದು ಇಣುಕಿತು. ಸೊಂಟ ತಾಗುವ ಜಾಗವನ್ನು ತಿಪ್ಪಕ್ಕ ಯಾರಿಗೂ ಬಿಡದೆ ತಾನೇ ಉಜ್ಜಿದಳು.

“ನಾನು ಮಾಡಿದ್ದು ಅಂತ ನಂಗೇ ನಂಬಿಕೆ ಬರ್ತಿಲ್ಲ,” ಎಂದ ಓಬಳೇಶ್.

ಭಾನುವಾರ ಲಗೇಜ್ ಆಟೊದಲ್ಲಿ ಕಪಾಟು ಹೊಳಲ್ಕೆರೆ ಸೇರಿತು, ಜೊತೆಗೆ ಮೂವರೂ ಹೋದರು. ಶಾಲಿನಿ ಸುತ್ತ ತಿರುಗಿ ನೋಡಿ ಹುಬ್ಬು ಗಂಟಿಕ್ಕಿದರು. “ಇದು ಯಾರ ಮನೇದಮ್ಮ? ಹೊಸದಾಗಿ ಮಾಡ್ಕೊಡಿ ಅಂದಿದ್ನಲ್ಲ?”

ದುರ್ಗಾ ಬಾಯಿ ತೆರೆಯುವ ಮೊದಲೇ ತಿಪ್ಪಕ್ಕ ಮುಂದೆ ಬಂದಳು. “ಹೋದ ತಿಂಗಳು ಹುಟ್ಟಿದ್ದು ಕಣಮ್ಮ ಇದು. ಒಳಗೆ ಮೂಸಿ ನೋಡ್ರಿ, ಬಣ್ಣದ ವಾಸ್ನೆ ಇನ್ನೂ ಹೋಗಿಲ್ಲ.”

ಶಾಲಿನಿ ತಲೆ ಒಳಗಿಟ್ಟು ಮೂಸಿದರು. ಹೊರಗೆ ಬಂದಾಗ ಮುಖವೆಲ್ಲ ನಗು. “ಮತ್ತೆ ಇಷ್ಟು ಸವೆಸಿದ್ದು ಯಾರು?”

“ನಾವ್ ಮೂರೇ ಜನ. ಒಂದೇ ಮಧ್ಯಾಹ್ನ.”

ಮಾಡಿ ತೋರಿಸುವ ತನಕ ಶಾಲಿನಿ ಬಿಡಲಿಲ್ಲ. ಪಕ್ಕದ ಮನೆಯವರೂ ಬಂದರು. ಟೀ, ಮಂಡಕ್ಕಿ ಆಯಿತು. ಹೊರಡುವಾಗ ಶಾಲಿನಿ ಹೊಸದುರ್ಗದ ತಂಗಿಯ ನಂಬರ್ ಬರೆದುಕೊಟ್ಟರು.

“ಅವರಿಗೇನು ಬೇಕಂತೆ?” ಚಿತ್ರದುರ್ಗದ ಬಸ್ಸಿನಲ್ಲಿ ಕೂತ ಮೇಲೆ ತಿಪ್ಪಕ್ಕ ಕೇಳಿದಳು.

“ಓದೋ ಮೇಜು.”

“ಅಯ್ಯೋ, ನಾನು ಇಸ್ಕೂಲಿಗೇ ಹೋದೋಳಲ್ಲ. ಅದು ಎಲ್ಲಿ ಸವೀತೈತೆ?”

“ಮೊಳಕೈ ಇಡೋ ಕಡೆ ಅತ್ತೆ.”

ತಿಪ್ಪಕ್ಕ ಕಿಟಕಿಯ ಮೇಲೆ ಮೊಳಕೈ ಊರಿದಳು, ಗಲ್ಲಕ್ಕೆ ಅಂಗೈ ಕೊಟ್ಟಳು. ಮಡಿಲಲ್ಲಿ ಪುಸ್ತಕವಿದ್ದಂತೆ ಒಂದು ಹಾಳೆ ತಿರುವಿ, ಬಲು ಗಂಭೀರವಾಗಿ ಓದತೊಡಗಿದಳು.