ಎಂಟೂಕಾಲರ ಬಸ್ಸು

ಹಾಸನದ ಒಂದು ಎಂಜಿನಿಯರಿಂಗ್ ಕನ್ಸಲ್ಟೆನ್ಸಿಯಲ್ಲಿ ಗೌರೀಶ ಎಲ್ಲರಿಗಿಂತ ಕಿರಿಯ. ಐಡಿ ಕಾರ್ಡಿನಲ್ಲಿ ಎಂಜಿನಿಯರ್ ಅಂತ ಇದ್ದರೂ ಅವನ ಪಾಲಿಗೆ ಬಂದದ್ದು ಪೆನ್ಸಿಲ್ಲು, ಪ್ಯಾಡು, ಅರಕಲಗೂಡು ಬಸ್ ಸ್ಟ್ಯಾಂಡಿನ ಎದುರು ಒಂದು ಪ್ಲಾಸ್ಟಿಕ್ ಕುರ್ಚಿ. ರಸ್ತೆ ಅಗಲ ಮಾಡಬೇಕೋ ಬೇಡವೋ ಎಂದು ವರದಿ ಕೊಡಲು ಏಳು ದಿನ ವಾಹನ ಎಣಿಸಬೇಕು. ಶುಂಠಿ ಲಾರಿ, ಆಟೋ, ಬೈಕು, ಬಸ್ಸು, ಒಂದೊಂದಕ್ಕೂ ಒಂದು ಗೀಟು; ಕಾಲು ಗಂಟೆಗೊಂದು ಸಾಲು.

ಎಣಿಸುವುದೇನು ಮಹಾ! ಆದರೆ ಎಂಟೂಕಾಲಿಗೆ ಲತಾ ಬರುತ್ತಿದ್ದಳು. ಹೊಳೆನರಸೀಪುರದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ ಎಂಬುದನ್ನೂ ಅವಳ ಹೆಸರನ್ನೂ ಪಕ್ಕದ ಹೂವಿನ ಬೆಟ್ಟಮ್ಮನಿಂದ ಮೊದಲ ದಿನವೇ ತಿಳಿದುಕೊಂಡಿದ್ದ. ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಹಿಡಿದು ಅವಳು ಬಸ್ಸಿಗೆ ಕಾಯುವಷ್ಟು ಹೊತ್ತೂ ನಮ್ಮ ಎಂಜಿನಿಯರ್ ಸಾಹೇಬರ ಕೈ ಅಲ್ಲಾಡುತ್ತಿರಲಿಲ್ಲ. ಒಂದು ಮಾತಾಡಬೇಕು, ಒಂದೇ ಒಂದು ಮಾತು ಎಂದು ಜೀವ ಹಂಬಲಿಸುತ್ತಿತ್ತು. ಅಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಆ ಬಸ್ಸನ್ನೂ ಅವನು ಎಣಿಸುತ್ತಿರಲಿಲ್ಲ.

ಏಳು ದಿನದ ಹಾಳೆ ನೋಡಿ ಸೀನಿಯರ್ ನಾಗೇಶ್ ಕನ್ನಡಕ ಮೇಲೇರಿಸಿದರು.

"ಏನ್ಲಾ ಗೌರೀಶ, ದಿನಾ ಎಂಟೂಕಾಲಿಗೆ ಅರಕಲಗೂಡು ಬಂದ್ ಮಾಡ್ತಾರೇನ್ಲಾ?"

"ಕಣ್ಣಿಗೆ ಧೂಳು ಬಿತ್ತು ಸಾ."

"ಏಳ್ ದಿನಾನೂವಾ? ನಾಳೆ ಓಗಿ ಅದೊಂದು ಸಾಲು ತುಂಬುಸ್ಕಂಡು ಬಾ."

ಬೈಸಿಕೊಂಡು ಇಷ್ಟು ಹಿಗ್ಗಿದವರು ಆ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಮರುದಿನ ಇಸ್ತ್ರಿ ಅಂಗಿ ತೊಟ್ಟು ಏಳಕ್ಕೇ ಹೋಗಿ ಕೂತ.

ಎಂಟೂಕಾಲಿಗೆ ಲತಾ ನೇರವಾಗಿ ಅವನ ಕುರ್ಚಿಯ ಹತ್ತಿರವೇ ಬಂದಳು. ಅವನು ಎದ್ದು ನಿಂತ.

"ಸಾ, ನೀವು ಬಸ್ಸಿನ ಲೆಕ್ಕ ಬರೀತಿದೀರಂತೆ. ಒಂದು ಮಾತು ಕೇಳ್ಳಾ?"

"ಕೇಳಿ, ಕೇಳಿ."

"ಬರೋ ತಿಂಗಳು ನನ್ ಮದ್ವೆ ಸಾ. ರುದ್ರಪಟ್ಟಣದಿಂದಾಚೆ ಒಂದೂರಿಗೆ ಕೊಡ್ತಾವ್ರೆ. ಅಲ್ಲಿಂದ ಒತ್ತಾರೆ ಬಸ್ಸಿಲ್ಲ, ಕೆಲ್ಸ ಬಿಡ್ಬೇಕಾಯ್ತದೆ. ಒಂದು ಬಸ್ಸು ಬೇಕು ಅಂತ ನೀವು ಬರುದ್ರೆ ಆಗಕಿಲ್ವಾ?"

ಈ ಹಾಳೆ ರಸ್ತೆಯ ಅಗಲಕ್ಕೆ ಮಾತ್ರ, ತನ್ನಂಥ ಜೂನಿಯರ್ ಬರೆದದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಬೇಕಿತ್ತು. "ಬರೀತೀನಿ" ಎಂದ. ಅವಳು ಊರಿನ ಹೆಸರು ಹೇಳಿ ನಕ್ಕಳು. ಅವನನ್ನು ನೋಡಿ ಅವಳು ನಕ್ಕದ್ದು ಅದೇ ಮೊದಲು.

ಬಸ್ಸು ಬಂತು, ಅವಳನ್ನು ಹತ್ತಿಸಿಕೊಂಡು ಹೋಯಿತು. ಗೌರೀಶ ಹಾಳೆಯ ತುದಿಯ ಷರಾ ಕಾಲಮ್ಮಿನಲ್ಲಿ ಅವಳು ಹೇಳಿದ ಊರಿನ ಹೆಸರು ಹಾಕಿ, ಬೆಳಿಗ್ಗೆ ಒಂದು ಬಸ್ಸು ತುರ್ತಾಗಿ ಬೇಕು ಎಂದು ದುಂಡಗೆ ಬರೆದ. ಎಂಟು ದಿನದಿಂದ ಅವಳಿಗೆ ಹೇಳಲು ಏನೇನೋ ಮಾತು ಜೋಡಿಸಿಕೊಂಡಿದ್ದ. ಕೊನೆಗೆ ಬರೆದದ್ದು ಅವಳ ಗಂಡನ ಊರಿಗೆ ಬಸ್ಸು ಬಿಡಿ ಎಂದು. ಆದರೂ ಆ ಬಸ್ಸು ಬರಲಿ ಎಂದು ಅವನು ಮನಸಾರೆ ಬಯಸಿದ.