ಮುರುಕಮ್ಮನ ಕೀಲು

ಹದಿನೆಂಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಗಟ್ಟಿಯಾಗಿದ್ದುದನ್ನು ಮುರಿಯುವುದು. ವಿಮಾನದ ಬಿಡಿಭಾಗಗಳಿಗೆ ಬಳಸುವ ಲೋಹ ಎಷ್ಟು ತಾಳುತ್ತದೆಂದು ನೋಡುವ ಪ್ರಯೋಗಾಲಯ ಅದು. ಬೆರಳುದ್ದದ ತುಂಡನ್ನು ಯಂತ್ರದ ಬಾಯಿಗೆ ಕೊಟ್ಟು ಬಗ್ಗಿಸುವುದು, ನೆಟ್ಟಗೆ ಮಾಡುವುದು, ಮತ್ತೆ ಬಗ್ಗಿಸುವುದು. ಲಕ್ಷ ಸಲ, ಹತ್ತು ಲಕ್ಷ ಸಲ. ಅದು ಸಾಕಾಗಿ ಎರಡು ತುಂಡಾದ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು, ಬಿರುಕು ಹುಟ್ಟಿದ್ದು ಎಲ್ಲಿ ಎಂದು ಹುಡುಕುವುದು. ಲೋಹಕ್ಕೂ ಮನುಷ್ಯರ ಹಾಗೆ ದಣಿವಾಗುತ್ತದೆ ಎಂದು ಅವಳು ಮನೆಯಲ್ಲಿ ವಿವರಿಸಿದ ದಿನ, ಗಂಡನ ಅಕ್ಕ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದ್ದರು.

"ಅಂದ್ರೆ ಮುರಿಯೋದಕ್ಕೇ ಸಂಬಳ ಕೊಡ್ತಾರೆ. ಸರಿ ಬಿಡು, ಇವತ್ತಿಂದ ನೀನು ಮುರುಕಮ್ಮ."

ಆ ಹೆಸರು ಅಂಟಿಕೊಂಡೇಬಿಟ್ಟಿತು. ಅತ್ತಿಗೆ ಇಟ್ಟ ಹೆಸರು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಅತ್ತಿಗೆ ಗ್ರಂಥಪಾಲಕಿ. ಮೂರು ವರ್ಷದವರಿದ್ದಾಗ ಪೋಲಿಯೊ ಬಂದು ಎಡಗಾಲು ಸೋತಿತ್ತು. ಅಂದಿನಿಂದ ಕ್ಯಾಲಿಪರ್ ಹಾಕಿಕೊಂಡೇ ನಡೆದವರು. ತೊಡೆಯಿಂದ ಬೂಟಿನವರೆಗೆ ಎರಡು ಲೋಹದ ಪಟ್ಟಿ, ಚರ್ಮದ ಬೆಲ್ಟುಗಳು, ಮಂಡಿಯ ಎರಡು ಪಕ್ಕಕ್ಕೂ ಒಂದೊಂದು ಕೀಲು. ಎದ್ದು ನಿಂತಾಗ ಕೀಲಿನ ಮೇಲೆ ಒಂದು ಉಂಗುರ ಜಾರಿ ಬಿದ್ದು ಕಾಲನ್ನು ನೆಟ್ಟಗೆ ಹಿಡಿಯುತ್ತದೆ. ಕೂರಬೇಕಾದರೆ ಅದನ್ನು ಬೆರಳಿನಿಂದ ಮೇಲಕ್ಕೆತ್ತಬೇಕು.

ಒಂದು ಮಧ್ಯಾಹ್ನ ಆ ಕೀಲುಗಳಲ್ಲೊಂದು ಮುರಿಯಿತು.

"ಟಕ್ ಅಂತು. ನೋಡಿದ್ರೆ ನಾನು ನೆಲದ ಮೇಲೆ, ನನ್ನ ಮೇಲೆ ವಿಶ್ವಕೋಶದ ಮೂರು ಸಂಪುಟ," ಎಂದರು ಅತ್ತಿಗೆ, ಊದಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು. "ಅಷ್ಟೊಂದು ಜ್ಞಾನ ಒಟ್ಟಿಗೆ ತಲೆಗೆ ಇಳಿದದ್ದು ಇದೇ ಮೊದಲು."

ಬಿದ್ದ ನೋವನ್ನು ಅವರು ನಗುತ್ತ ನುಂಗಿಕೊಂಡರು. ಆದರೆ ಕೀಲು ತಯಾರಿಸಿದ ಕಂಪನಿಗೆ ದೂರು ಬರೆದಾಗ ಬಂದ ಒಂದು ಸಾಲಿನ ಉತ್ತರವನ್ನು ನುಂಗಲಾಗಲಿಲ್ಲ: ಬಳಸುವವರ ತೂಕ ಹೆಚ್ಚಾಗಿರಬಹುದು.

"ನನ್ನ ತೂಕ!" ಎಂದರು ಅತ್ತಿಗೆ. ಆ ದಿನವಿಡೀ ಅದೇ ಮಾತು.

ಮರುದಿನ ಅವಳು ಮುರಿದ ಕೀಲನ್ನು ಕರವಸ್ತ್ರದಲ್ಲಿ ಸುತ್ತಿ ಪ್ರಯೋಗಾಲಯಕ್ಕೆ ಒಯ್ದಳು. ಊಟದ ಬಿಡುವಿನಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟಳು. ಮುರಿದ ಮುಖದ ಮೇಲೆ ಕೆರೆಯ ಅಲೆಗಳಂತೆ ಒಂದರ ಹಿಂದೆ ಒಂದು ಗೆರೆ. ಅಲೆಗಳನ್ನು ಹಿಮ್ಮುಖವಾಗಿ ಹಿಂಬಾಲಿಸುತ್ತ ಹೋದಳು. ಅವು ಒಂದೇ ಚುಕ್ಕಿಯಿಂದ ಹೊರಟಿದ್ದವು. ಆ ಚುಕ್ಕಿ ಇದ್ದದ್ದು ಒಂದು ಅಕ್ಷರದ ಮೂಲೆಯಲ್ಲಿ. ಕಂಪನಿಯವರು ತಮ್ಮ ಹೆಸರನ್ನು ಉಳಿಯಂಥ ಅಚ್ಚಿನಿಂದ ಆಳವಾಗಿ ಹೊಡೆದಿದ್ದರು, ಅದೂ ನಡೆಯುವಾಗ ಅತಿ ಹೆಚ್ಚು ಸೆಳೆತ ಬೀಳುವ ಜಾಗದಲ್ಲೇ.

ಒಂದು ಕೀಲು ನೋಡಿ ತೀರ್ಪು ಕೊಡುವುದು ಅವಳ ಜಾಯಮಾನವಲ್ಲ. ಕ್ಯಾಲಿಪರ್ ರಿಪೇರಿ ಮಾಡುವ ಆಸ್ಪತ್ರೆಯ ಹಿಂಬದಿಯ ಕೋಣೆಗೆ ಹೋದಳು. ಅಲ್ಲಿ ಚರ್ಮದ ಚೂರು, ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಪುಟ್ಟ ದೊಡ್ಡ ಕಾಲುಗಳ ಅಚ್ಚು. ಮೇಸ್ತ್ರಿ ಅವಳ ಮಾತು ಪೂರ್ತಿ ಕೇಳಿ, ಎದ್ದು, ಮೇಜಿನಡಿಯಿಂದ ಒಂದು ಬಣ್ಣದ ಡಬ್ಬ ಎಳೆದರು. ಒಳಗೆ ಮುರಿದ ಕೀಲುಗಳೇ ತುಂಬಿದ್ದವು.

"ಇಪ್ಪತ್ತು ವರ್ಷದಿಂದ ಎತ್ತಿಟ್ಕೊಂಡಿದ್ದೀನಿ ಮೇಡಂ. ಯಾಕೆ ಮುರೀತು ಅಂತ ಯಾರಾದರೊಬ್ಬರು ಕೇಳ್ತಾರೆ ಅಂತ," ಎಂದರು. "ನೀವೇ ಮೊದಲು."

ಅವಳು ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮುಕ್ಕಾಲು ಪಾಲು ಕೀಲುಗಳು ಅಕ್ಷರದ ಮೇಲೇ ಮುರಿದಿದ್ದವು. ಅವಳು ಪ್ರಬಂಧ ಬರೆದಳು, ಅದು ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು, ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಕಂಪನಿಗೂ ಒಂದು ಪ್ರತಿ ಹೋಯಿತು. ವರ್ಷ ಕಳೆದ ಮೇಲೆ ಮೇಸ್ತ್ರಿಯ ಕೋಣೆಗೆ ಬಂದ ಹೊಸ ಕೀಲುಗಳ ಮೇಲೆ ಅದೇ ಹೆಸರು, ಅದೇ ಜಾಗ, ಅಷ್ಟೇ ಆಳ.

"ಓದಿರ್ತಾರೆ, ಯಾಕೆ ಓದಿರಲ್ಲ?" ಎಂದರು ಅತ್ತಿಗೆ. "ಆದ್ರೆ ಅವರೆಲ್ಲ ಸ್ವಂತ ಕಾಲ ಮೇಲೆ ನಿಂತು ಓದಿರ್ತಾರೆ. ನೀನೇ ಮಾಡೇ ಮುರುಕಮ್ಮ. ಒಂದಾದರೂ ಮುರಿಯದ್ದು ಮಾಡು."

ಅವಳ ಗಂಡ ಗಣಿತದ ಮೇಷ್ಟ್ರು, ಮಾತು ಕಡಿಮೆ. ಪರೀಕ್ಷೆಯ ಪತ್ರಿಕೆ ತಿದ್ದುತ್ತಲೇ, "ಕೆಲಸ ಬಿಡೋದಾದ್ರೆ ಈಗಲೇ ಬಿಡು. ಇನ್ನು ಹತ್ತು ವರ್ಷ ಆದ್ರೆ ನಿನಗೂ ದಣಿವಾಗುತ್ತೆ," ಎಂದ. ಅಷ್ಟು ಸಾಕಾಯಿತು, ಅವಳು ರಾಜೀನಾಮೆ ಕೊಟ್ಟಳು.

ಮೇಸ್ತ್ರಿಯೂ ನಿವೃತ್ತಿಗೆ ಮೊದಲೇ ಆಸ್ಪತ್ರೆಯ ಕೆಲಸ ಬಿಟ್ಟು ಅವಳ ಜೊತೆ ಪಾಲುದಾರರಾದರು. ಮುಚ್ಚಿಹೋಗಿದ್ದ ಒಂದು ಮುದ್ರಣಾಲಯದ ಜಾಗ ಬಾಡಿಗೆಗೆ ಸಿಕ್ಕಿತು. ನೆಲದ ಮಸಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮೊದಲ ಕೀಲನ್ನು ಅವಳು ವಿಮಾನದ ಲೆಕ್ಕದಲ್ಲೇ ಮಾಡಿದಳು. ಯಂತ್ರ ಮೂವತ್ತು ಲಕ್ಷ ಸಲ ಬಗ್ಗಿಸಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಹೆಮ್ಮೆಯಿಂದ ಅತ್ತಿಗೆಗೆ ತೊಡಿಸಿದಳು. ಅತ್ತಿಗೆ ಹತ್ತು ಹೆಜ್ಜೆ ನಡೆದು ಕುರ್ಚಿ ಹಿಡಿದರು.

"ಇದು ಮುರಿಯಲ್ಲ, ಒಪ್ಪಿದೆ. ಇದನ್ನ ಹೊತ್ತು ನಾನು ಮುರೀತೀನಿ."

ಮೇಸ್ತ್ರಿ ಕೆಮ್ಮುವ ನೆಪದಲ್ಲಿ ನಗು ನುಂಗಿದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ಮೇಡಂ, ಒಂದು ವಾರ ಲೋಹ ಮುಟ್ಟಬೇಡಿ. ಜನ ನಡೆಯೋದನ್ನ ನೋಡಿ," ಎಂದರು.

ಅವಳು ನೋಡಿದಳು. ಮೆಟ್ಟಿಲ ಬಳಿ, ಅಂಗಡಿಯ ಸಾಲಿನಲ್ಲಿ, ಬಸ್ಸಿನ ಬಾಗಿಲಲ್ಲಿ. ಎಲ್ಲಿ ಗಟ್ಟಿ ಬೇಕು, ಎಲ್ಲಿ ಬೇಡ ಎಂಬುದು ಯಂತ್ರಕ್ಕಿಂತ ಚೆನ್ನಾಗಿ ಅವರ ನಡಿಗೆ ಹೇಳಿತು. ಬೇಡದ ಕಡೆಯೆಲ್ಲ ಅರ ಹಾಕಿ ಸವೆಸಿದಳು. ಏಳನೆಯ ಕೀಲು ಅರ್ಧ ತೂಕಕ್ಕೆ ಇಳಿಯಿತು. ಗ್ರಂಥಾಲಯದಲ್ಲಿ ಉಂಗುರದ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಾರೆಂದು ಅತ್ತಿಗೆ ದೂರಿದ ಮೇಲೆ ಒಳಗೊಂದು ತೆಳು ರಬ್ಬರ್ ಬಳೆಯೂ ಸೇರಿತು.

ಪರವಾನಗಿ ಕೊಡುವ ಅಧಿಕಾರಿ ಗಂಭೀರ ಹೆಂಗಸು. ಕೀಲನ್ನು ತಿರುಗಿಸಿ ಮುರುಗಿಸಿ ನೋಡಿದರು. "ತಯಾರಕರ ಗುರುತು, ಸಂಖ್ಯೆ ಎಲ್ಲಿ? ಅಳಿಸದ ಹಾಗೆ ಲೋಹದ ಮೇಲೇ ಇರಬೇಕು. ಇಲ್ಲದಿದ್ರೆ ಪರವಾನಗಿ ಇಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಯ ಹುಬ್ಬು ಮೇಲೇರಿತು. ಅವಳು ಗಡಬಡಿಸಿ ಕ್ಷಮೆ ಕೇಳಿ, ಅಕ್ಷರದ ಕಥೆಯನ್ನೆಲ್ಲ ಹೇಳಿದಳು. ಅಧಿಕಾರಿ ಕೇಳಿಸಿಕೊಂಡು, "ನಿಮ್ಮ ಕಥೆ ನಿಜ ಇರಬಹುದು. ನಿಯಮಾನೂ ನಿಜ. ಕೀಲಿಗೆ ದೋಷ ಬಂದ್ರೆ ಯಾವುದು ಅಂತ ಹುಡುಕೋದು ಹೇಗೆ?" ಎಂದರು.

ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅವಳು ಕೋಪಿಸಿಕೊಳ್ಳಲಿಲ್ಲ. ಕೀಲಿನ ತುದಿಯ ಗುಂಡು ಭಾಗದಲ್ಲಿ ಸೆಳೆತವೇ ಬೀಳದ ಕಿರುಬೆರಳಿನ ಉಗುರಷ್ಟು ಜಾಗವಿತ್ತು. ಅಲ್ಲಿ ಲೇಸರ್ ಕಿರಣದಿಂದ, ಗೀಚಿದಷ್ಟೇ ಆಳಕ್ಕೆ ಸಂಖ್ಯೆ ಬರೆಸಿದಳು. ಮತ್ತೆ ಐದು ವಾರ ಯಂತ್ರದಲ್ಲಿ ಬಗ್ಗಿಸಿದಳು. ಒಂದೂ ಮುರಿಯಲಿಲ್ಲ. ಪರವಾನಗಿ ಬಂದ ದಿನ ಮೇಸ್ತ್ರಿ ಚಹಾ ತರಿಸಿ, ಲೋಟವನ್ನು ಅವಳಿಗಿಂತ ಮೊದಲು ಅತ್ತಿಗೆಗೆ ಕೊಟ್ಟರು.

ಈಗ ಆರು ವರ್ಷವಾಗಿದೆ. ಮಸಿ ನೆಲದ ಮೇಲೆ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಅವರ ಕೀಲು ಅವಳು ಕಂಡಿರದ ಊರುಗಳಲ್ಲೂ ನಡೆದಾಡುತ್ತಿದೆ. ದೊಡ್ಡ ಕಂಪನಿಯೊಂದು ಎಲ್ಲವನ್ನೂ ಕೊಳ್ಳುತ್ತೇವೆಂದು ಕೇಳಿತ್ತು; ಅವಳೂ ಮೇಸ್ತ್ರಿಯೂ ಮುಖ ಮುಖ ನೋಡಿಕೊಂಡು, ಇನ್ನೂ ಸ್ವಲ್ಪ ದಿನ ನಾವೇ ನೋಡಿಕೊಳ್ಳುತ್ತೇವೆ ಎಂದು ಬರೆದು ಕಳಿಸಿದರು.

ಮೊನ್ನೆ ಮಧ್ಯಾಹ್ನ ಒಬ್ಬ ಬಸ್ ಕಂಡಕ್ಟರ್ ಬಂದ. ಮೊದಲ ವರ್ಷ ಕ್ಯಾಲಿಪರ್ ಕೊಂಡವನು. ಅವಳು ಕೈಯಲ್ಲಿದ್ದ ಅರ ಕೆಳಗಿಟ್ಟು ಎದ್ದಳು.

"ಕೀಲಿಗೆ ಏನಾದ್ರೂ ಆಯ್ತಾ?"

"ಕೀಲಾ? ಅದರ ನೆನಪೇ ಇರಲ್ಲ ಬಿಡಿ," ಎಂದ ಅವನು ಬೆಂಚಿನ ಮೇಲೆ ಕೂರುತ್ತ. "ಚರ್ಮದ ಬೆಲ್ಟು ನಾರ್ತಾ ಇದೆ ಮೇಡಂ. ಪಕ್ಕದಲ್ಲಿ ಯಾರೂ ನಿಲ್ಲಲ್ಲ."

ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಅವಳೇ ಕೆಳಗೆ ಕೂತು ಬಕಲ್ ಬಿಚ್ಚಿದಳು, ಅಳತೆಯ ಟೇಪನ್ನು ಅವನ ತೊಡೆಗೆ ಸುತ್ತಿ ಇಂಚು ಓದಿದಳು.

"ದಪ್ಪ ಆಗಿದ್ದೀರಿ," ಎಂದಳು.

"ಓಡಾಡ್ತಾ ಇದ್ದೀನಲ್ಲ, ಹಸಿವಾಗುತ್ತೆ," ಎಂದ ಕಂಡಕ್ಟರ್. ಅವಳು ನಗುತ್ತ ಅಳತೆ ಬರೆದುಕೊಂಡು, ಕಂದು ಚರ್ಮ ಬೇಕೋ ಕಪ್ಪೋ ಎಂದು ಕೇಳಿದಳು.